ಔಷಧಿಯಿಂದ ಬೆಳೆದ ಹುಳು

ಭತ್ತದ ಗದ್ದೆಯನ್ನು ನಿಂತಲ್ಲೇ ಒಣಗಿಸಿಬಿಡುವ ಒಂದು ಹುಳುವಿಗೆ ವಿಜ್ಞಾನ ಕೊಟ್ಟಿರುವ ಹೆಸರು ‘ನೀಲಪರ್ವತ’. ಇದು ಯಾರೋ ಕನ್ನಡದ ಮೇಷ್ಟ್ರು ಮಾಡಿದ ಅನುವಾದವಲ್ಲ. ಚೀನಾದ ಪ್ರಯೋಗಾಲಯಕ್ಕೆ ಹೋದರೂ ಜಪಾನಿನ ವಸ್ತುಸಂಗ್ರಹಾಲಯಕ್ಕೆ ಹೋದರೂ ಗಾಜಿನ ಪೆಟ್ಟಿಗೆಯ ಮೇಲೆ ಬರೆದಿರುವುದು ಇದೇ ಹೆಸರು. ಬ್ರಿಟಿಷ್ ಕೀಟಶಾಸ್ತ್ರಜ್ಞ ವಿಲಿಯಂ ಲೂಕಸ್ ಡಿಸ್ಟಂಟ್ 1906ರಲ್ಲಿ ಭಾರತ ಮತ್ತು ಸಿಂಹಳದ ಕೀಟಗಳನ್ನು ಪಟ್ಟಿ ಮಾಡುವಾಗ ಒಂದು ಕುಲಕ್ಕೆ ಈ ಸಂಸ್ಕೃತ ಹೆಸರನ್ನು ಇಟ್ಟ. ಅದರ ಜೊತೆ ಸೇರಿರುವ ಪ್ರಭೇದದ ಹೆಸರು ‘ಲುಗೆನ್ಸ್’ ಇನ್ನೂ ಹಳೆಯದು. ಸ್ವೀಡನ್ನಿನ ಕಾರ್ಲ್ ಸ್ಟಾಲ್ 1854ರಲ್ಲಿ ಜಾವಾ ದ್ವೀಪದಿಂದ ಬಂದ ಮಾದರಿಯನ್ನು ನೋಡಿ ಕೊಟ್ಟದ್ದು. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಶೋಕಿಸುವ’ ಎಂದು. ನಮ್ಮ ರೈತರಿಗೆ ಇದು ಕಂದು ಜಿಗಿಹುಳು.

ಉದ್ದ ಮೂರು ನಾಲ್ಕು ಮಿಲಿಮೀಟರ್, ಅಂದರೆ ಒಂದು ಅಕ್ಕಿಕಾಳಿಗಿಂತಲೂ ಗಿಡ್ಡ. ಎಲೆಯ ಮೇಲೆ ಕಾಣಿಸುವುದಿಲ್ಲ. ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ನೆರಳು ತೇವ ಎರಡೂ ಇರುವ ಕಡೆ ಗುಂಪಾಗಿ ಕೂತು ಕಾಂಡದ ರಸ ಹೀರುತ್ತದೆ. ಹೆಣ್ಣು ಎಲೆಯ ತೊಟ್ಟಿನ ಪೊರೆಯನ್ನು ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣು ಇನ್ನೂರು ಮುನ್ನೂರು ಮೊಟ್ಟೆಯವರೆಗೂ ಇಡಬಲ್ಲದು. ಎಂಟೊಂಬತ್ತು ದಿನಕ್ಕೆ ಮರಿ ಹೊರಬಂದು ಐದು ಸಲ ಪೊರೆ ಕಳಚಿ, ತಿಂಗಳೊಳಗೆ ತಾನೇ ಮೊಟ್ಟೆ ಇಡಲು ಸಿದ್ಧ. ಕೃಷಿ ಕರಪತ್ರಗಳಲ್ಲಿ ಈ ಮರಿಗಳನ್ನು ‘ಅಪ್ಸರೆ’ಗಳೆಂದು ಕರೆಯುವ ರೂಢಿಯಿದೆ. ಕರಪತ್ರ ಬರೆದವರ ರಸಿಕತೆಯನ್ನು ಮೆಚ್ಚಬೇಕು. ಈ ಅಪ್ಸರೆಯರು ಹೆಚ್ಚಾದ ಗದ್ದೆಯಲ್ಲಿ ಮೊದಲು ಒಂದು ಗಾಡಿಗಾಲಿಯಷ್ಟು ಜಾಗ ಹಳದಿಯಾಗುತ್ತದೆ, ಆಮೇಲೆ ಕಂದಾಗುತ್ತದೆ, ಆಮೇಲೆ ಆ ವೃತ್ತ ದಿನದಿನಕ್ಕೆ ಹಿಗ್ಗುತ್ತ ಹೋಗಿ ಇಡೀ ಮಡಿ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹೀಗಾದರೆ ಮನೆಗೆ ಬರುವುದು ಹುಲ್ಲು ಮಾತ್ರ, ಅದನ್ನೂ ದನ ಇಷ್ಟಪಟ್ಟು ತಿನ್ನುವುದಿಲ್ಲ.

ವಿಚಿತ್ರವೆಂದರೆ, ಸ್ಟಾಲ್ ಹೆಸರಿಟ್ಟ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ದಕ್ಷಿಣ ಏಷ್ಯಾದಲ್ಲಾಗಲಿ ಜಾವಾದಲ್ಲಾಗಲಿ ಇದರ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್, ಸಹಾಯಕ ಕುಂಞಿ ಕಣ್ಣನ್ ಅವರ ಜೊತೆ ಸೇರಿ 1911ರಲ್ಲಿ ಭತ್ತದ ಕೀಟವೊಂದರ ಮೇಲೆ ಪುಸ್ತಿಕೆ ಹೊರತಂದಾಗ ಅವರು ಆರಿಸಿಕೊಂಡದ್ದು ಭತ್ತದ ಮಿಡತೆಯನ್ನು. ಮುಂದೆ ದಶಕಗಳ ಕಾಲ ಭತ್ತದ ದೊಡ್ಡ ಶತ್ರು ಎಂದರೆ ಕಾಂಡ ಕೊರೆಯುವ ಹುಳು. ಜಿಗಿಹುಳು ಇತ್ತು, ಅಲ್ಲೊಂದು ಇಲ್ಲೊಂದು, ಇದ್ದೂ ಇಲ್ಲದ ಹಾಗೆ. 1970ರ ದಶಕದಲ್ಲಿ ಅದೇ ಹುಳು ಏಷ್ಯಾದ ಸರ್ಕಾರಗಳ ನಿದ್ದೆಗೆಡಿಸಿತು. ನಡುವೆ ಹುಳು ಬದಲಾಗಿರಲಿಲ್ಲ, ಗದ್ದೆ ಬದಲಾಗಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಕ್ಕೆ ಹಿಡಿದ ಸಮಯ, ಅದಕ್ಕೆ ರೈತರು ತೆತ್ತ ಬೆಲೆ, ಎರಡೂ ಸಣ್ಣವಲ್ಲ.

*

ಈ ಹುಳುವಿಗೆ ಹಳೆಯ ಕಾಲದಿಂದಲೂ ಹೆದರಿದ ನಾಡು ಒಂದಿತ್ತು. ಅದು ಜಪಾನ್. ಅಲ್ಲಿ ಜಿಗಿಹುಳುಗಳಿಗೆ ‘ಉಂಕಾ’ ಎಂದು ಹೆಸರು. 1732ರಲ್ಲಿ ಪಶ್ಚಿಮ ಜಪಾನಿನಲ್ಲಿ ಬಿದ್ದ ಕ್ಯೋಹೋ ಕ್ಷಾಮಕ್ಕೆ ಉಂಕಾಗಳೇ ದೊಡ್ಡ ಕಾರಣ. ಸರ್ಕಾರಿ ಲೆಕ್ಕದಲ್ಲಿ ಸತ್ತವರು ಸುಮಾರು 12 ಸಾವಿರ, ಜನರ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಳ್ಳಿಗಳಲ್ಲಿ ಹುಳುವನ್ನು ಊರಾಚೆ ಕಳಿಸುವ ಆಚರಣೆಯಿತ್ತು. ರಾತ್ರಿ ಪಂಜು ಹಿಡಿದು, ತಮಟೆ ಬಡಿದು, ಹುಲ್ಲಿನ ಗೊಂಬೆಯೊಂದನ್ನು ಗದ್ದೆಯ ಬದುಗಳ ಮೇಲೆ ಹೊತ್ತು ಊರ ಗಡಿ ದಾಟಿಸುತ್ತಿದ್ದರು. ಅನೇಕ ಕಡೆ ಆ ಗೊಂಬೆ ಸನೆಮೊರಿ ಎಂಬ ಯೋಧನದು. 1183ರ ಯುದ್ಧದಲ್ಲಿ ಅವನ ಕುದುರೆ ಭತ್ತದ ಕೂಳೆಗೆ ಎಡವಿ ಬಿದ್ದು ಅವನು ಕೊಲ್ಲಲ್ಪಟ್ಟನಂತೆ, ಆ ಸೇಡಿಗೆ ಹುಳುವಾಗಿ ಭತ್ತವನ್ನು ಕಾಡುತ್ತಾನಂತೆ. ನಮ್ಮೂರುಗಳಲ್ಲಿ ಮಾರಿಯನ್ನು ಗಡಿ ದಾಟಿಸುವುದನ್ನು ಕಂಡವರಿಗೆ ಈ ಮೆರವಣಿಗೆ ಹೊಸದೆನಿಸಲಾರದು.

ಪಂಜಿನ ಜೊತೆ ಇನ್ನೊಂದು ಉಪಾಯವೂ ಇತ್ತು, ಅದು ನಿಜಕ್ಕೂ ಕೆಲಸ ಮಾಡುತ್ತಿತ್ತು. ಗದ್ದೆಯ ನೀರಿನ ಮೇಲೆ ತಿಮಿಂಗಿಲದ ಎಣ್ಣೆಯನ್ನು ತೆಳ್ಳಗೆ ಹರಡಿ, ಪೈರನ್ನು ಕೋಲಿನಿಂದ ಬಡಿದು ಹುಳುವನ್ನು ಎಣ್ಣೆಗೆ ಬೀಳಿಸುವುದು. ಒಕುರಾ ನಾಗಾತ್ಸುನೆ ಎಂಬ ಕೃಷಿಲೇಖಕ 1826ರಲ್ಲಿ ಇದನ್ನೇ ಚಿತ್ರಸಮೇತ ಪುಸ್ತಕ ಮಾಡಿ ಪ್ರಚಾರ ಮಾಡಿದ.

ಜಪಾನೀಯರಿಗೆ ಕಡೆಯವರೆಗೂ ಬಿಡಿಸಲಾಗದ ಒಗಟು ಬೇರೆ ಇತ್ತು. ಈ ಹುಳುವಿಗೆ ಭತ್ತವಲ್ಲದೆ ಬೇರೆ ಆಹಾರ ಹಿಡಿಸದು, ಜಪಾನಿನ ಚಳಿಗಾಲದಲ್ಲಿ ಭತ್ತ ಇರುವುದಿಲ್ಲ. ಹಾಗಿದ್ದರೆ ಪ್ರತಿವರ್ಷ ಜೂನ್ ಜುಲೈನಲ್ಲಿ ಅದು ಎಲ್ಲಿಂದ ಬರುತ್ತದೆ? ಮೊಟ್ಟೆ ಎಲ್ಲೋ ಹುಲ್ಲಿನಲ್ಲಿ ಅಡಗಿರಬೇಕೆಂದು ತಲೆಮಾರುಗಟ್ಟಲೆ ಹುಡುಕಿದರು. ಉತ್ತರ ಸಿಕ್ಕಿದ್ದು ಗದ್ದೆಯಲ್ಲಲ್ಲ, ನಡುಸಮುದ್ರದಲ್ಲಿ. 1967ರ ಜುಲೈನಲ್ಲಿ, ಜಪಾನಿನ ಕರಾವಳಿಯಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ದೂರದಲ್ಲಿ ಹವಾಮಾನ ದಾಖಲಿಸುತ್ತ ನಿಂತಿದ್ದ ‘ಒಜಿಕಾ’ ಎಂಬ ಹಡಗಿನ ಸುತ್ತ ಜಿಗಿಹುಳುಗಳ ಹಿಂಡು ಮುತ್ತಿಕೊಂಡಿತು. ಮಳೆ ಗಾಳಿ ಅಳೆಯಲು ಹೋದವರ ಕೈಗೆ ಹುಳು ಬಂದಿತ್ತು. ಆಮೇಲೆ ರ್ಯೋಯಿಚಿ ಕಿಸಿಮೊಟೊ ಮತ್ತಿತರರು ಹಡಗುಗಳಿಗೆ ಬಲೆ ಕಟ್ಟಿ ಪೂರ್ವ ಚೀನಾ ಸಮುದ್ರದಲ್ಲಿ ಹುಳು ಹಿಡಿದರು, ಗಾಳಿಯ ನಕ್ಷೆಗಳ ಜೊತೆ ತಾಳೆ ನೋಡಿದರು. ಮಳೆಗಾಲದ ನೈರುತ್ಯ ಗಾಳಿ ಹುಳುವನ್ನು ದಕ್ಷಿಣ ಚೀನಾದಿಂದ ಎತ್ತಿಕೊಂಡು ಬಂದು ಜಪಾನಿನ ಗದ್ದೆಗಳಿಗೆ ಸುರಿಯುತ್ತಿತ್ತು. ದಕ್ಷಿಣ ಚೀನಾಕ್ಕೆ ಅದು ಬರುವುದು ಉತ್ತರ ವಿಯೆಟ್ನಾಮಿನಿಂದ.

ಇದೇ ಕಿಸಿಮೊಟೊ ಇನ್ನೊಂದು ಸಂಗತಿಯನ್ನೂ ಬಿಡಿಸಿ ತೋರಿಸಿದ್ದರು. ಒಂದೇ ತಾಯಿಯ ಮಕ್ಕಳಲ್ಲಿ ಕೆಲವಕ್ಕೆ ಉದ್ದ ರೆಕ್ಕೆ, ಕೆಲವಕ್ಕೆ ಮೋಟು ರೆಕ್ಕೆ. ಮರಿಯಾಗಿದ್ದಾಗ ಸುತ್ತ ಜಾಗ, ಒಳ್ಳೆಯ ರಸ ಇದ್ದರೆ ಮೋಟು ರೆಕ್ಕೆಯ ಹುಳುವಾಗಿ ಅಲ್ಲೇ ಉಳಿದು ಹೆಚ್ಚು ಮೊಟ್ಟೆ ಇಡುತ್ತದೆ. ಸಂದಣಿಯಾಗಿ ಪೈರು ಸೊರಗಿದರೆ ಉದ್ದ ರೆಕ್ಕೆ ಮೂಡಿ ಹಾರಿಹೋಗುತ್ತದೆ. ಉದ್ದ ರೆಕ್ಕೆಯವು ಬೆಂದ ಗದ್ದೆಯಿಂದ ಹೊರಡುತ್ತವೆ, ಹೊಸ ಗದ್ದೆಯಲ್ಲಿ ಇಳಿದು ಮೋಟು ರೆಕ್ಕೆಯ ಸಂಸಾರ ಹೂಡುತ್ತವೆ.

*

ಒಜಿಕಾ ಹಡಗಿನ ಮೇಲೆ ಹುಳು ಇಳಿಯುವ ಎಂಟು ತಿಂಗಳ ಹಿಂದೆ, 1966ರ ನವೆಂಬರಿನಲ್ಲಿ, ಫಿಲಿಪ್ಪೀನ್ಸಿನ ಲೊಸ್ ಬಾನ್ಯೊಸ್‌ನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ‘ಐಆರ್8’ ತಳಿಯನ್ನು ಬಿಡುಗಡೆ ಮಾಡಿತ್ತು. ‘ಇರ್ರಿ’ ಎಂದೇ ಹೆಸರಾದ ಈ ಸಂಸ್ಥೆ ಹುಟ್ಟಿ ಆಗಿನ್ನೂ ಆರು ವರ್ಷ. ಗಿಡ್ಡ, ಗಟ್ಟಿ ಕಾಂಡದ, ಗೊಬ್ಬರ ಸುರಿದಷ್ಟೂ ತೆನೆ ಕೊಡುವ ಈ ಭತ್ತ ಹಸಿವಿನ ಅಂಚಿನಲ್ಲಿದ್ದ ಏಷ್ಯಾಕ್ಕೆ ಎಷ್ಟು ದೊಡ್ಡ ಆಸರೆಯಾಯಿತು ಎಂಬುದನ್ನು ಮರೆತು ಮಾತಾಡುವುದು ಅನ್ಯಾಯ. ಆದರೆ ಅದರ ಹಿಂದೆಯೇ ಗದ್ದೆಯ ಸ್ವರೂಪ ಬದಲಾಯಿತು. ನಾಲೆಯ ನೀರು ಬಂದಲ್ಲಿ ವರ್ಷಕ್ಕೆ ಎರಡು, ಕೆಲವೆಡೆ ಮೂರು ಬೆಳೆ. ಹುಳುವಿಗೆ ಉಪವಾಸದ ತಿಂಗಳೇ ಇಲ್ಲವಾಯಿತು. ಹತ್ತಿರ ಹತ್ತಿರ ನಾಟಿ, ಒತ್ತಾದ ತೆಂಡೆ, ಯೂರಿಯಾದಿಂದ ಮೆತ್ತಗಾದ ಸಿಹಿ ಕಾಂಡ. ಜೊತೆಗೆ, ಕಾಂಡ ಕೊರೆಯುವ ಹುಳುವಿಗೆಂದು ಕ್ಯಾಲೆಂಡರ್ ನೋಡಿಕೊಂಡು ಹುಳು ಇರಲಿ ಬಿಡಲಿ ಔಷಧಿ. ಇಂಡೋನೇಷ್ಯಾದಲ್ಲಂತೂ 1968ರಿಂದ 1970ರವರೆಗೆ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಗೆ ಗುತ್ತಿಗೆ ಕೊಟ್ಟು ಜಾವಾದ ಗದ್ದೆಗಳ ಮೇಲೆ ವಿಮಾನದಿಂದಲೇ ಕೀಟನಾಶಕ ಸುರಿಸಿದರು.

1973–74ರಲ್ಲಿ ಪೆಟ್ಟು ಬಿದ್ದದ್ದು ಕೇರಳದ ಕುಟ್ಟನಾಡಿಗೆ. ಸಮುದ್ರಮಟ್ಟಕ್ಕಿಂತ ಕೆಳಗಿರುವ, ಒಡ್ಡು ಕಟ್ಟಿ ನೀರು ಹೊರಹಾಕಿ ಬೇಸಾಯ ಮಾಡುವ ಆ ಬಯಲಿನಲ್ಲಿ ಸುಮಾರು 50 ಸಾವಿರ ಹೆಕ್ಟೇರ್ ಬೆಳೆಗೆ ಜಿಗಿಹುಳು ತಗುಲಿತು, ಅದರಲ್ಲಿ ಎಂಟು ಸಾವಿರದಷ್ಟು ಪೂರ್ತಿ ಹೋಯಿತು. ಹುಳು ಹೀರಿದ್ದು ಸಾಲದೆಂದು ಅದು ಹೊತ್ತು ತಂದ ವೈರಸ್ಸಿನಿಂದ ಪೈರು ಹುಲ್ಲಿನಂತೆ ಕುಳ್ಳಗೆ ನಿಂತಿತು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಿಂದಲೂ ಅದೇ ವರ್ಷಗಳಲ್ಲಿ ಅದೇ ಸುದ್ದಿ. 1970ರ ದಶಕದ ಕೊನೆಗೆ ಇಂಡೋನೇಷ್ಯಾ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಅಕ್ಕಿ ಕೊಳ್ಳುವ, ಜಗತ್ತಿನ ಅತಿದೊಡ್ಡ ಗಿರಾಕಿಯಾಗಿತ್ತು.

ಎಲ್ಲ ಸರ್ಕಾರಗಳಿಗೂ ಮೊದಲು ಹೊಳೆದ ಉತ್ತರ ಒಂದೇ: ಇನ್ನಷ್ಟು ಔಷಧಿ.

*

ಎರಡನೆಯ ಉತ್ತರ ಸಿದ್ಧವಾಗುತ್ತಿದ್ದದ್ದು ಲೊಸ್ ಬಾನ್ಯೊಸ್‌ನಲ್ಲಿ. ಇರ್ರಿಯ ಕೀಟವಿಭಾಗವನ್ನು 1962ರಿಂದ ಕಟ್ಟಿದವರು ಭಾರತೀಯ ಕೀಟಶಾಸ್ತ್ರಜ್ಞ ಎಂ.ಡಿ. ಪಾಠಕ್. ಅವರ ತಂಡ ಸಂಸ್ಥೆಯ ಬೀಜಭಂಡಾರದ ತಳಿಗಳನ್ನು ಒಂದೊಂದಾಗಿ ಹುಳುವಿನ ಮುಂದೆ ಇಟ್ಟು ನೋಡಿತು. ವಿಧಾನ ಸರಳ. ಒಂದು ತಟ್ಟೆಯ ಮಣ್ಣಿನಲ್ಲಿ ಸಾಲುಸಾಲಾಗಿ ಬೇರೆಬೇರೆ ತಳಿಯ ಬೀಜ ಬಿತ್ತುವುದು. ಮೊಳಕೆ ಒಂದು ವಾರದ್ದಾದಾಗ ಮೇಲೆ ಸಾವಿರಾರು ಅಪ್ಸರೆಗಳನ್ನು ಉದುರಿಸುವುದು. ಯಾವ ಸಾಲು ಸಾಯುತ್ತದೆ, ಯಾವುದು ನಿಲ್ಲುತ್ತದೆ ಎಂದು ಕಾಯುವುದು. ಹುಳು ನಿಜಕ್ಕೂ ಎಷ್ಟು ರಸ ಕುಡಿಯಿತು ಎಂದು ತಿಳಿಯಲು ಬುಡದಲ್ಲಿ ಬಣ್ಣ ಹಚ್ಚಿದ ಸೋಸುಕಾಗದ ಇಡುತ್ತಾರೆ. ಹೀರಿದ ರಸದಲ್ಲಿ ಹೆಚ್ಚಾದದ್ದನ್ನು ಹುಳು ಸಿಹಿ ಹನಿಯಾಗಿ ಹೊರಹಾಕುತ್ತದೆ, ಹನಿ ಬಿದ್ದಲ್ಲಿ ಕಾಗದದ ಮೇಲೆ ನೀಲಿ ಕಲೆ. ಹೊಟ್ಟೆ ತುಂಬಿದ ಹುಳುವಿನ ಕಾಗದ ತುಂಬ ಕಲೆ, ಉಪವಾಸ ಬಿದ್ದದ್ದರ ಕಾಗದ ಖಾಲಿ.

1960ರ ದಶಕದ ಕೊನೆಗೆ ಹೀಗೆ ಸಿಕ್ಕಿದ್ದು ‘ಮುದ್ಗೊ’ ಎಂಬ ಭಾರತದ ಹಳೆಯ ತಳಿ. ಹುಳು ಅದರ ಮೇಲೆ ಕೂತರೂ ಕುಡಿಯದು, ಹಸಿದು ಸಾಯುತ್ತಿತ್ತು. ತಮಿಳುನಾಡಿನ ಅಂಬಾಸಮುದ್ರದ ಎಎಸ್‌ಡಿ7ರಲ್ಲಿ ಇನ್ನೊಂದು ಬಗೆಯ ನಿರೋಧ ಸಿಕ್ಕಿತು. ಮುದ್ಗೊದ ಗುಣವನ್ನು ಹೊತ್ತ ಐಆರ್26 ತಳಿ 1973ರಲ್ಲಿ ಬಂತು. ಎಲ್ಲರೂ ಉಸಿರು ಬಿಟ್ಟರು. ಮೂರು ವರ್ಷ ಕಳೆಯುವುದರೊಳಗೆ ಐಆರ್26ರ ಗದ್ದೆಗಳೂ ಬೆಂದವು. ಅದನ್ನೂ ಕುಡಿಯಬಲ್ಲ ಹುಳುಗಳು ಮೊದಲೇ ಅಲ್ಲೊಂದು ಇಲ್ಲೊಂದು ಇದ್ದವು, ಲಕ್ಷಾಂತರ ಎಕರೆಗೆ ಒಂದೇ ತಳಿ ಹಾಕಿದಾಗ ಅವುಗಳ ಸಂತಾನವೇ ಉಳಿದುಕೊಂಡಿತು. 1976ರಲ್ಲಿ ಗುರುದೇವ್ ಖುಷ್ ಅವರ ಐಆರ್36. ಅದರಲ್ಲಿ ಎಎಸ್‌ಡಿ7ರ ಬಗೆಯ ನಿರೋಧವಿತ್ತು, ವೈರಸ್ ತಡೆಯುವ ಗುಣ ಉತ್ತರ ಪ್ರದೇಶದ ಕಾಡುಭತ್ತವೊಂದರಿಂದ ಬಂದಿತ್ತು. 1980ರ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ಭತ್ತವಾಗಿ ಅದು ಸುಮಾರು 110 ಲಕ್ಷ ಹೆಕ್ಟೇರಿಗೆ ಹರಡಿತು. ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿಯಾದದ್ದರ ಹಿಂದೆ ಐಆರ್36ರ ಪಾಲು ದೊಡ್ಡದು. ಆದರೆ 1982ರ ಹೊತ್ತಿಗೇ ಉತ್ತರ ಸುಮಾತ್ರದಲ್ಲಿ ಅದನ್ನೂ ಕುಡಿಯುವ ಹುಳು ಕಾಣಿಸಿಕೊಂಡಿತ್ತು.

ಹುಳು ಒಂದು ಹೆಜ್ಜೆ, ತಳಿವಿಜ್ಞಾನಿ ಒಂದು ಹೆಜ್ಜೆ. ಈ ಓಟ ಇಂದಿಗೂ ನಿಂತಿಲ್ಲ. ಆದರೆ ‘ಯಾವ ತಳಿ ತಡೆಯುತ್ತದೆ’ ಎಂದು ಕೇಳುವವರ ನಡುವೆ, ಅದೇ ಇರ್ರಿಯ ಆವರಣದಲ್ಲಿ, ಬೇರೆ ಪ್ರಶ್ನೆ ಕೇಳುವವರೂ ಹುಟ್ಟಿಕೊಂಡರು. ಔಷಧಿ ಹೊಡೆದ ಪ್ರಯೋಗದ ಮಡಿಗಳೇ ಹೊಡೆಯದ ಮಡಿಗಳಿಗಿಂತ ಮೊದಲು ಏಕೆ ಬೇಯುತ್ತಿವೆ?

ತಮಿಳುನಾಡಿನಿಂದ ಬಂದಿದ್ದ ಎಸ್. ಚೆಲ್ಲಯ್ಯ ಮತ್ತು ಅಮೆರಿಕದ ಇ.ಎ. ಹೈನ್‌ರಿಕ್ಸ್ 1980ರಲ್ಲಿ ಪ್ರಕಟಿಸಿದ ಕೆಲಸ ಈ ಪ್ರಶ್ನೆಯ ಒಂದು ಮಗ್ಗುಲನ್ನು ಬೆಳಕಿಗೆ ತಂದಿತು. ಡೆಲ್ಟಾಮೆಥ್ರಿನ್, ಮೀಥೈಲ್ ಪ್ಯಾರಾಥಿಯಾನ್‌ನಂಥ ವಿಷಗಳು ಕೊಲ್ಲುವಷ್ಟು ಸಿಗದೆ ಸ್ವಲ್ಪವೇ ತಾಗಿದಾಗ ಜಿಗಿಹುಳು ಹೆಚ್ಚು ತಿಂದಿತು, ಬೇಗ ಬೆಳೆಯಿತು, ಹೆಚ್ಚು ಮರಿ ಹಾಕಿತು. ಕಾಂಡದ ಪೊರೆಯೊಳಗಿದ್ದ ಮೊಟ್ಟೆಗಳಿಗಂತೂ ಸಿಂಪಡಣೆ ತಾಗುತ್ತಲೇ ಇರಲಿಲ್ಲ. ಹಸಿರು ಕ್ರಾಂತಿಯ ಚರಿತ್ರೆ ಬರೆಯುವವರು ಬೋರ್ಲಾಗ್, ಸ್ವಾಮಿನಾಥನ್ ಹೆಸರನ್ನು ಮರೆಯುವುದಿಲ್ಲ. ಚೆಲ್ಲಯ್ಯ ಅವರ ಹೆಸರು ಬರುವುದು ಅಪರೂಪ. ಬರಬೇಕಿತ್ತು.

ಇನ್ನೊಂದು ಮಗ್ಗುಲನ್ನು ಎತ್ತಿಕೊಂಡವನು ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಪೀಟರ್ ಕೆನ್ಮೋರ್. 1970ರ ದಶಕದ ಕೊನೆಯ ವರ್ಷಗಳಲ್ಲಿ ಫಿಲಿಪ್ಪೀನ್ಸಿನ ಗದ್ದೆಗಳಲ್ಲಿ ಕೂತು ಅವನು ಎಣಿಸಿದ್ದು ಜಿಗಿಹುಳುವನ್ನಷ್ಟೇ ಅಲ್ಲ, ಅದರ ಸುತ್ತ ಇದ್ದ ಎಲ್ಲವನ್ನೂ. ನೀರಿನ ಮೇಲೆ ಓಡಾಡುವ ತೋಳ ಜೇಡ ದಿನಕ್ಕೆ ಐದರಿಂದ ಹದಿನೈದು ಹುಳು ತಿನ್ನುತ್ತದೆ. ಹಸಿರು ಬಣ್ಣದ ಮಿರಿಡ್ ತಿಗಣೆ ಪೊರೆಯೊಳಗಿನ ಮೊಟ್ಟೆಗೇ ಸೂಜಿ ಚುಚ್ಚಿ ಹೀರುತ್ತದೆ. ಕೂದಲೆಳೆಯಷ್ಟು ಸಣ್ಣ ಕಣಜ ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಪೈರಿನಿಂದ ಜಾರಿ ಬಿದ್ದ ಮರಿಗಳನ್ನು ಹಿಡಿಯಲು ನೀರತಿಗಣೆಗಳು ಕಾದಿರುತ್ತವೆ. ಇವು ಇದ್ದ ಮಡಿಯಲ್ಲಿ ಜಿಗಿಹುಳು ತಲೆಯೆತ್ತಲಿಲ್ಲ. ಪರದೆ ಕಟ್ಟಿ ಇವನ್ನು ದೂರ ಇಟ್ಟಾಗ, ಇಲ್ಲವೇ ಔಷಧಿ ಹೊಡೆದು ಕೊಂದಾಗ, ಅದೇ ಹುಳು ನೂರಾರು ಪಟ್ಟು ಹೆಚ್ಚಿತು. ಕೆನ್ಮೋರ್ ತನ್ನ ಪ್ರಬಂಧವನ್ನು 1980ರಲ್ಲಿ ಮುಗಿಸಿದ. ಅದರ ಸಾರವನ್ನು ಒಂದು ಸಾಲಿನಲ್ಲಿ ಹೇಳುವುದಾದರೆ, ಈ ಹುಳುವನ್ನು ಶತಮಾನಗಳ ಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಜೇಡಗಳ ಕೃಪೆ.

*

ಪ್ರಬಂಧಗಳು ಕಪಾಟಿನಲ್ಲೇ ಉಳಿಯುವುದು ಹೆಚ್ಚು. ಇದು ಹೊರಗೆ ಬಂದದ್ದು ಇಂಡೋನೇಷ್ಯಾದ ಸಂಕಟದಿಂದ. 1985ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ ರೋಮ್‌ಗೆ ಹೋಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ವೇದಿಕೆಯಲ್ಲಿ ತನ್ನ ದೇಶದ ಸ್ವಾವಲಂಬನೆಯ ಕಥೆ ಹೇಳಿದರು, ಆಫ್ರಿಕಾದ ಬರಪೀಡಿತರಿಗೆ ಭತ್ತದ ಕೊಡುಗೆಯನ್ನೂ ಘೋಷಿಸಿದರು. ಮರುವರ್ಷವೇ ಮಧ್ಯ ಜಾವಾದ ಗದ್ದೆಗಳು ಬೇಯತೊಡಗಿದವು. ರುಚಿಗೆ ಹೆಸರಾಗಿದ್ದ ಚಿಸಡಾನೆ ತಳಿ ನೆಲಕಚ್ಚಿತು. ಆಗ ಕೀಟನಾಶಕದ ಬೆಲೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಸರ್ಕಾರವೇ ಭರಿಸುತ್ತಿತ್ತು, ವರ್ಷಕ್ಕೆ ಹತ್ತು ಕೋಟಿ ಡಾಲರ್‌ಗೂ ಮೀರಿ. ತಾನೇ ಹಣ ಕೊಟ್ಟು ಹುಳು ಸಾಕುತ್ತಿದ್ದ ಹಾಗಾಗಿತ್ತು.

ಇದನ್ನು ಸರ್ಕಾರಕ್ಕೆ ಮನವರಿಕೆ ಮಾಡಿದವರಲ್ಲಿ ಇಂಡೋನೇಷ್ಯಾದ ಕೀಟಶಾಸ್ತ್ರಜ್ಞ ಇಡಾ ನ್ಯೋಮನ್ ಓಕಾ ಮುಖ್ಯರು, ಆಗ ರೋಮ್‌ನ ಅದೇ ಸಂಘಟನೆಯಲ್ಲಿದ್ದ ಕೆನ್ಮೋರ್ ಕೂಡ. 1986ರ ನವೆಂಬರ್ 5ರಂದು ಸುಹಾರ್ತೊ ಒಂದು ಆದೇಶಕ್ಕೆ ಸಹಿ ಹಾಕಿದರು. ಭತ್ತದ ಮೇಲೆ 57 ಕೀಟನಾಶಕಗಳ ಬಳಕೆ ನಿಷೇಧ. ಎರಡೂ ಚಿಲ್ಲರೆ ವರ್ಷದಲ್ಲಿ, 1989ರ ಜನವರಿ ಹೊತ್ತಿಗೆ, ಸಹಾಯಧನವೂ ಪೂರ್ತಿ ನಿಂತಿತು. ಔಷಧಿ ನಿಲ್ಲಿಸಿದರೆ ಇಳುವರಿ ಕುಸಿದು ಮತ್ತೆ ವಿದೇಶಿ ಅಕ್ಕಿಗೆ ಕೈಚಾಚಬೇಕಾಗುತ್ತದೆ ಎಂಬ ಭಯ ಅಧಿಕಾರಿಗಳಿಗೆ ಇದ್ದದ್ದು ಸಹಜ. ಕೀಟನಾಶಕದ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು, ಇಳುವರಿ ಇಳಿಯಲಿಲ್ಲ, ಸ್ವಲ್ಪ ಏರಿತು. ಸರ್ವಾಧಿಕಾರಿಯೊಬ್ಬನ ಸಹಿಯಿಂದ ಆದ ಕೆಲಸ ಇದು ಎಂಬುದನ್ನು ಮುಚ್ಚಿಡಬೇಕಿಲ್ಲ. ಕಂಪನಿಗಳು, ಅಧಿಕಾರಿಗಳು, ಚುನಾವಣೆ ಎಲ್ಲವೂ ಇದ್ದ ದೇಶದಲ್ಲಿ ಇಷ್ಟು ಬೇಗ ಆಗುತ್ತಿತ್ತೇ ಎನ್ನುವುದು ಅನುಮಾನ.

ಆದೇಶ ಹೊರಟರೂ ರೈತರ ಕೈ ಸಿಂಪಡಣೆಯ ಡಬ್ಬಿಯತ್ತಲೇ ಹೋಗುತ್ತಿತ್ತು. ಅದಕ್ಕೆ ಭಾಷೆಯೂ ಒಂದು ಕಾರಣ. ಇಂಡೋನೇಷ್ಯಾದ ರೈತರು ಕೀಟನಾಶಕಕ್ಕೆ ಹೇಳುತ್ತಿದ್ದದ್ದು ‘ಒಬಾತ್’, ಅಂದರೆ ಔಷಧಿ. ನಮ್ಮಲ್ಲೂ ಹಾಗೆಯೇ. ಮಂಡ್ಯದ ರೈತ ಗದ್ದೆಗೆ ವಿಷ ಹೊಡೆಯುವುದಿಲ್ಲ, ಔಷಧಿ ಹೊಡೆಯುತ್ತಾನೆ. ಕಾಯಿಲೆ ಬಿದ್ದದ್ದಕ್ಕೆ ಔಷಧಿ ಕೊಡಬೇಡ ಎನ್ನುವವರು ಶತ್ರುವಿನಂತೆ ಕಾಣುವುದು ಸಹಜ. ಹೀಗಾಗಿ 1989ರಿಂದ ಅಲ್ಲಿ ಶುರುವಾದ ‘ರೈತರ ಗದ್ದೆ ಶಾಲೆ’ಗಳಲ್ಲಿ ಮೊದಲು ಮಾಡಿದ ಕೆಲಸ ಆ ಪದವನ್ನು ಬದಲಿಸುವುದು. ‘ಒಬಾತ್’ ಅಲ್ಲ, ‘ರಾಚುನ್’, ವಿಷ.

ಶಾಲೆ ಎಂದರೆ ಕಟ್ಟಡವಲ್ಲ. ಇಪ್ಪತ್ತೈದರಷ್ಟು ರೈತರು, ಒಂದು ಬೆಳೆಯ ಅವಧಿ, ವಾರಕ್ಕೊಂದು ಬೆಳಿಗ್ಗೆ, ಪಾಠ ನಡೆಯುವುದು ಗದ್ದೆಯ ಬದುವಿನ ಮೇಲೆ. ಹತ್ತು ಬುಡ ಬಗ್ಗಿ ನೋಡಿ, ಕಂಡ ಹುಳು ಜೇಡಗಳನ್ನು ಎಣಿಸಿ, ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಪೈರಿನ ಚಿತ್ರ ಬರೆದು ಒಂದು ಬದಿಗೆ ಶತ್ರುಗಳು, ಇನ್ನೊಂದು ಬದಿಗೆ ಮಿತ್ರರು ಎಂದು ಗುರುತು ಹಾಕುತ್ತಿದ್ದರು. ಪರದೆ ಹೊದಿಸಿದ ಪಾತಿಯಲ್ಲಿ ಜಿಗಿಹುಳುವಿನ ಜೊತೆ ಒಂದು ಜೇಡ ಬಿಟ್ಟು ಮರುದಿನ ಎಷ್ಟು ಉಳಿದವೆಂದು ತಾವೇ ನೋಡುತ್ತಿದ್ದರು. ಎಲೆ ಹುಳು ತಿಂದರೆ ಬೆಳೆ ಹೋಗುತ್ತದೆಯೇ ಎಂಬ ಅನುಮಾನಕ್ಕೆ ಕತ್ತರಿಯಿಂದ ಕೆಲವು ಪೈರಿನ ಎಲೆ ಕತ್ತರಿಸಿ, ಕೊಯ್ಲಿನಲ್ಲಿ ತೂಕ ಹಾಕಿದರು. ಎಳೆಯ ಪೈರು ಎಲೆ ಕಳೆದುಕೊಂಡರೂ ಚೇತರಿಸಿಕೊಳ್ಳುತ್ತಿತ್ತು. 1990ರ ದಶಕ ಮುಗಿಯುವಾಗ ಇಂಡೋನೇಷ್ಯಾದಲ್ಲಿ ಸುಮಾರು ಹತ್ತು ಲಕ್ಷ ರೈತರು ಇಂಥ ಶಾಲೆ ಮುಗಿಸಿದ್ದರು. ಮುಂದೆ ಭಾರತವೂ ಸೇರಿ ಅನೇಕ ದೇಶಗಳಿಗೆ ಈ ಪದ್ಧತಿ ಬಂತು, ಹಲವೆಡೆ ಶಾಲೆ ಹೋಗಿ ಉಪನ್ಯಾಸವಾಗಿ, ಉಪನ್ಯಾಸ ಹೋಗಿ ಬ್ಯಾನರ್ ಮತ್ತು ಊಟವಾಗಿ ಉಳಿಯಿತು.

ಇದೇ ಜಾವಾದ ಗದ್ದೆಗಳಲ್ಲಿ ವಿಲಿಯಂ ಸೆಟ್ಲ್ ಮತ್ತು ಸಂಗಡಿಗರು ಮಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಕೆನ್ಮೋರ್ ಬಿಟ್ಟ ಒಂದು ಎಳೆಯನ್ನು ಹಿಡಿಯಿತು. ನಾಟಿಯಾದ ಹೊಸತರಲ್ಲಿ ಜಿಗಿಹುಳು ಇನ್ನೂ ಬಂದೇ ಇರುವುದಿಲ್ಲ. ಆಗ ಜೇಡಗಳು ಏನು ತಿಂದು ಬದುಕುತ್ತವೆ? ಗದ್ದೆಯ ಕೆಸರಿನಲ್ಲಿ ಕೊಳೆಯುವ ಕೂಳೆ, ಗೊಬ್ಬರ, ಪಾಚಿಯನ್ನು ತಿಂದು ಹುಟ್ಟುವ ಸಣ್ಣ ನೊಣ ನುಸಿಗಳನ್ನು. ಬೆಳೆಗೆ ಒಳ್ಳೆಯದನ್ನೂ ಮಾಡದ, ಕೆಟ್ಟದ್ದನ್ನೂ ಮಾಡದ ಈ ಯಾರಿಗೂ ಬೇಡದ ಹುಳುಗಳೇ ಕಾವಲುಗಾರರಿಗೆ ಮುಂಗಡ ಸಂಬಳ. ನಾಟಿಯಾದ ಮೊದಲ ತಿಂಗಳಲ್ಲೇ ಔಷಧಿ ಹೊಡೆದರೆ ನಿಲ್ಲುವುದು ಆ ಸಂಬಳ. ಜಿಗಿಹುಳು ಗಾಳಿಯಲ್ಲಿ ಬಂದಿಳಿಯುವಾಗ ಕಾವಲಿಗೆ ಯಾರೂ ಇರುವುದಿಲ್ಲ.

ವಿಯೆಟ್ನಾಮಿನ ಮೆಕಾಂಗ್ ಬಯಲಿನಲ್ಲಿ ಇರ್ರಿಯ ಕೆ.ಎಲ್. ಹಿಯೋಂಗ್ ಮತ್ತು ಸಂವಹನ ತಜ್ಞೆ ಮೊನಿನಾ ಎಸ್ಕಲಾಡಾ ಇದನ್ನೇ ಒಂದು ಸವಾಲಾಗಿ ರೈತರ ಮುಂದಿಟ್ಟರು. ಗದ್ದೆಯ ಒಂದು ಮೂಲೆಗೆ ಮೊದಲ ನಲವತ್ತು ದಿನ ಏನೂ ಹೊಡೆಯಬೇಡಿ, ಆಮೇಲೆ ನೀವೇ ಹೋಲಿಸಿ ನೋಡಿ. 1994ರಿಂದ ಲಾಂಗ್ ಆನ್ ಪ್ರಾಂತ್ಯದಲ್ಲಿ ಕರಪತ್ರ, ಭಿತ್ತಿಚಿತ್ರ, ರೇಡಿಯೋದ ನಗೆನಾಟಕಗಳ ಮೂಲಕ ಈ ಮಾತು ಹರಡಿತು. ಸಿಂಪಡಣೆಯ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

*

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. 1990ರ ದಶಕದಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಹೊಸ ಕೀಟನಾಶಕ ಬಂತು. ಜಿಗಿಹುಳುವಿಗೆ ಅದು ರಾಮಬಾಣವೆನಿಸಿತು. ಹತ್ತು ಹನ್ನೆರಡು ವರ್ಷದಲ್ಲಿ, 2005ರ ಸುಮಾರಿಗೆ, ಚೀನಾ, ವಿಯೆಟ್ನಾಂ, ಜಪಾನ್‌ಗಳ ಹುಳುಗಳು ಅದನ್ನು ಅರಗಿಸಿಕೊಳ್ಳುವುದನ್ನು ಕಲಿತಿದ್ದವು. ಒಂದು ದೇಶದಲ್ಲಿ ಕಲಿತ ಪಾಠವನ್ನು ಹುಳು ಗಾಳಿಯ ಮೇಲೆ ಇನ್ನೊಂದು ದೇಶಕ್ಕೆ ಕೊಂಡೊಯ್ಯುತ್ತದೆ. ಒಜಿಕಾ ಹಡಗು ಕಂಡದ್ದರ ಪೂರ್ಣ ಅರ್ಥ ಆಗ ತಿಳಿಯಿತೆನ್ನಬೇಕು. 2009ರಿಂದ 2011ರವರೆಗೆ ಥಾಯ್ಲೆಂಡ್ ಬೆಂದಿತು, ಜಾವಾ ಕೂಡ. ಗದ್ದೆ ಶಾಲೆಗಳಿಗೆ ಬರುತ್ತಿದ್ದ ಹಣ 1999ರಲ್ಲೇ ನಿಂತಿತ್ತು. ಔಷಧಿ ಅಂಗಡಿಗಳು ಹಳ್ಳಿಹಳ್ಳಿಗೂ ಮರಳಿದ್ದವು.

ನಮ್ಮಲ್ಲಿ 2008ರ ಮುಂಗಾರಿನಲ್ಲಿ ದೆಹಲಿ, ಹರಿಯಾಣದ ಬಾಸ್ಮತಿ ಗದ್ದೆಗಳಿಗೂ ಜಿಗಿಹುಳು ಬಿತ್ತು. ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ತುಂಗಭದ್ರಾ ನಾಲೆಯ ಬಯಲಿಗೆ ಅದು ಆಗಾಗ ಬರುವ ನೆಂಟ. ಪುಣೆ ಮುಂಬಯಿಯ ಕನ್ನಡಿಗರ ಮನೆಗಳಿಗೂ ಹೋಗುವ ‘ಸೋನಾ ಮಸೂರಿ’ಯ ದೊಡ್ಡ ಪಾಲು ಅಲ್ಲಿ ಬೆಳೆಯುವುದು ಬಿಪಿಟಿ 5204 ತಳಿಯಾಗಿ. ಬಾಪಟ್ಲದಿಂದ 1986ರಲ್ಲಿ ಬಂದ ಆ ತಳಿ ತಿನ್ನುವವರಿಗೆ ಎಷ್ಟು ಇಷ್ಟವೋ ಜಿಗಿಹುಳುವಿಗೂ ಅಷ್ಟೇ ಇಷ್ಟ. ಸಣ್ಣಕ್ಕಿಗೇ ಬೆಲೆ ಇರುವಾಗ ರೈತ ಬೇರೆ ತಳಿ ಹಾಕಲೊಲ್ಲ. ಎರಡು ಮೀಟರಿಗೊಂದು ಒಂದಡಿಯ ಓಣಿ ಬಿಟ್ಟು ನಾಟಿ ಮಾಡಿದರೆ ಬುಡಕ್ಕೆ ಗಾಳಿ ಬೆಳಕು ಹೋಗಿ ಹುಳು ಕಡಿಮೆಯಾಗುತ್ತದೆ, ನಾಲ್ಕು ದಿನ ನೀರು ಬಸಿದು ಒಣಗಿಸಿದರೂ ಆಗುತ್ತದೆ. ಕೃಷಿ ವಿಶ್ವವಿದ್ಯಾಲಯಗಳು ಇದನ್ನು ಹೇಳುತ್ತಲೇ ಬಂದಿವೆ. ನಾಲೆಯ ಕೊನೆಯ ಭಾಗದವನಿಗೆ ಬಸಿದ ನೀರು ಮತ್ತೆ ಬರುತ್ತದೆಂಬ ನಂಬಿಕೆ ಇಲ್ಲ, ಓಣಿ ಬಿಡು ಎಂದರೆ ಗುತ್ತಿಗೆ ಜಮೀನಿನವನಿಗೆ ಅಷ್ಟು ನೆಲಕ್ಕೂ ದುಡ್ಡು ಕೊಟ್ಟದ್ದು ನೆನಪಾಗುತ್ತದೆ. ಸಲಹೆ ಪಾಲಿಸದವರನ್ನು ಅಜ್ಞಾನಿಗಳೆಂದು ಬರೆಯುವ ವರದಿಗಳು ಈ ಲೆಕ್ಕವನ್ನು ಬಿಟ್ಟುಬಿಡುತ್ತವೆ.

ಪ್ರಯೋಗಾಲಯದ ಕೆಲಸ ಅಷ್ಟರಲ್ಲಿ ಬಹಳ ದೂರ ಹೋಗಿದೆ. 2009ರಲ್ಲಿ ವುಹಾನ್ ವಿಶ್ವವಿದ್ಯಾಲಯದ ತಂಡ ಜಿಗಿಹುಳು ನಿರೋಧದ ಜೀನ್ ಒಂದನ್ನು ಮೊದಲ ಬಾರಿಗೆ ಬೇರ್ಪಡಿಸಿತು. 2015ರಲ್ಲಿ ಝೆಜಿಯಾಂಗ್ ವಿಶ್ವವಿದ್ಯಾಲಯದವರು ರೆಕ್ಕೆ ಉದ್ದವೋ ಮೋಟೋ ಎಂದು ತೀರ್ಮಾನಿಸುವುದು ಹುಳುವಿನ ಮೈಯಲ್ಲಿರುವ ಎರಡು ಇನ್ಸುಲಿನ್ ಗ್ರಾಹಕಗಳು ಎಂದು ತೋರಿಸಿದರು. ಕಿಸಿಮೊಟೊ ಕಂಡ ಸಂಗತಿಗೆ ಅರ್ಧ ಶತಮಾನದ ಮೇಲೆ ಒಳಗಿನ ಕಾರಣ ಸಿಕ್ಕಿತು.

ಆದರೂ ಹಳೆಯ ತಟ್ಟೆಯ ಪರೀಕ್ಷೆ ನಿಂತಿಲ್ಲ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಗಾಜಿನಮನೆಯಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಹೊಸ ತಳಿಗಳನ್ನು ಸಾಲುಸಾಲಾಗಿ ಬಿತ್ತಿ ಮೇಲೆ ಜಿಗಿಹುಳು ಬಿಡುತ್ತಾರೆ. ಪ್ರತಿ ತಟ್ಟೆಯಲ್ಲೂ ಹೋಲಿಕೆಗೆ ಎರಡು ಹಳೆಯ ತಳಿಗಳು ಇದ್ದೇ ಇರುತ್ತವೆ. ಒಂದು, ಕೇರಳದ ಪಟ್ಟಾಂಬಿಯ ಪಿಟಿಬಿ33, ಹುಳುವಿಗೆ ಸುಲಭವಾಗಿ ಬಗ್ಗದ್ದು. ಇನ್ನೊಂದು ತೈಚುಂಗ್ ನೇಟಿವ್1, ತೈವಾನಿನಿಂದ 1960ರ ದಶಕದಲ್ಲಿ ಭಾರತಕ್ಕೆ ಬಂದ ಮೊದಲ ಗಿಡ್ಡ ಭತ್ತ, ಕರ್ನಾಟಕದಲ್ಲೂ ಮನೆಮಾತಾಗಿದ್ದ ‘ಜಯಾ’ದ ಒಬ್ಬ ಹೆತ್ತವರು. ಈಗ ಅದನ್ನು ಊಟಕ್ಕೆ ಯಾರೂ ಬೆಳೆಯುವುದಿಲ್ಲ. ಅದರ ಸಾಲು ಪೂರ್ತಿ ಒಣಗಿದ ದಿನ ಪರೀಕ್ಷೆ ಮುಗಿಯಿತೆಂದು ಲೆಕ್ಕ. ಆ ದಿನ ಒಬ್ಬರು ಪುಸ್ತಕ ಹಿಡಿದು ಉಳಿದ ಸಾಲುಗಳ ಮುಂದೆ ಕೂತು ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಹಾಕುತ್ತ ಹೋಗುತ್ತಾರೆ.